ಅಫೇನಿಯ ಮಗ

ಕ್ರಿ. ಶ. ೧೯೭೧ನೆಯ ಇಸವಿಯ ಮೊದಲ ತಿಂಗಳುಗಳಲ್ಲಿ ನ್ಯೂಯಾರ್ಕ್ ನಗರದ ಒಂದು ನ್ಯಾಯಸ್ಥಾನದಲ್ಲಿ ಇಪ್ಪತ್ತನಾಲ್ಕು ವರ್ಷದ ಗರ್ಭಿಣಿಯೊಬ್ಬಳು ವಕೀಲರನ್ನು ಗೊತ್ತುಮಾಡಿಕೊಳ್ಳದೆ ತನ್ನ ಪರವಾಗಿ ತಾನೇ ವಾದಿಸುತ್ತಿದ್ದಳು. ಆಕೆಯ ಹೆಸರು ಅಫೇನಿ ಶಕೂರ್. ಹುಟ್ಟಿದುದು ನಾರ್ತ್ ಕ್ಯಾರೊಲೈನ ಸಂಸ್ಥಾನದ ಲಂಬರ್ಟನ್ ಎಂಬ ಊರಿನಲ್ಲಿ. ಹಿರಿಯರು ಇಟ್ಟ ಹೆಸರು ಆಲಿಸ್ ಫೇ ವಿಲಿಯಮ್ಸ್. ಕಪ್ಪು ಜನರ ಹಕ್ಕಿಗಾಗಿ ಆಯುಧ ಹಿಡಿಯುವುದಕ್ಕೂ ಹಿಂದೆಗೆಯದ ಬ್ಲ್ಯಾಕ್ ಪ್ಯಾಂಥರ್ ಎಂಬ ಪಕ್ಷಕ್ಕೆ ೧೯೬೮ರಲ್ಲಿ ಸೇರಿದಳು. ಮರುವರ್ಷದ ಏಪ್ರಿಲ್ ತಿಂಗಳಿನಲ್ಲಿ, ಅಂಗಡಿ ಮಳಿಗೆಗಳನ್ನೂ ಪೋಲೀಸು ಠಾಣೆಗಳನ್ನೂ ಸಿಡಿಮದ್ದಿನಿಂದ ಹಾರಿಸಲು ಒಳಸಂಚು ಮಾಡಿದರೆಂದು ಇಪ್ಪತ್ತೊಂದು ಜನರ ಮೇಲೆ ಹೊರಿಸಿದ ಆರೋಪದಲ್ಲಿ ಆಕೆಯ ಹೆಸರೂ ಸೇರಿತು. ಜಾಮೀನಿನ ಮೇಲೆ ಹೊರಗಿದ್ದಾಗ ಗರ್ಭವತಿಯಾದಳು. ಜೊತೆಯ ಆರೋಪಿಗಳಿಬ್ಬರು ತಲೆತಪ್ಪಿಸಿಕೊಂಡು ಓಡಿಹೋದುದರಿಂದ ಆಕೆಯ ಜಾಮೀನು ರದ್ದಾಗಿ ಮತ್ತೆ ಸೆರೆಮನೆಯನ್ನು ಸೇರಬೇಕಾಯಿತು. ಗರ್ಭಿಣಿಗೆ ದಿನಕ್ಕೊಂದು ಮೊಟ್ಟೆ, ಒಂದು ಲೋಟ ಹಾಲು ದೊರೆಯಬೇಕಾದರೂ ನ್ಯಾಯಾಧೀಶರ ಅಪ್ಪಣೆಯನ್ನು ಬೇಡಿ ತರಬೇಕಾಗಿದ್ದಿತು.

ಕಾನೂನಿನ ವ್ಯಾಸಂಗ ಆಕೆಗೆ ಇರಲಿಲ್ಲ. ಆದರೂ ಪಕ್ಷದೊಳಗೆ ಗೆಳೆಯನಂತೆ ಸೇರಿಕೊಂಡಿದ್ದು ಸಾಕ್ಷಿ ನುಡಿಯಲು ಬಂದ ಗುಪ್ತ ಪೋಲೀಸಿನವನನ್ನು ಆಕೆ ಪಾಟೀಸವಾಲು ಮಾಡಿದ ರೀತಿಯನ್ನು ಆ ಮೊಕದ್ದಮೆಯ ಚರಿತ್ರೆಯನ್ನು ಬರೆದವರೆಲ್ಲರೂ ವಿಸ್ಮಯದಿಂದ ಹೇಳುತ್ತಾರೆ. ಆಕೆಯಿಂದ ಕಂಡ ಅಪರಾಧವೇನು ಎಂಬ ನೇರವಾದ ಪ್ರಶ್ನೆಗೆ ಅವನಲ್ಲಿ ನೇರವಾದ ಉತ್ತರವಿರಲಿಲ್ಲ. ಸುಮಾರು ಎಂಟು ತಿಂಗಳು ನಡೆದ ಆ ವಿಚಾರಣೆಯ ಕೊನೆಯಲ್ಲಿ, ಮೇ ತಿಂಗಳ ೧೩ನೆಯ ದಿನ, ಪಂಚಾಯಿತರು ಕೆಲವೇ ಗಂಟೆಗಳ ಆಲೋಚನೆಯ ತರುವಾಯ ಒಟ್ಟು ೧೫೬ ಆರೋಪಗಳಿಗೂ ಒಂದೊಂದಾಗಿ 'ನಿರ್ದೋಷಿ' ಎಂದರು. ಅದಾದ ಒಂದು ತಿಂಗಳಿಗೆ, ಜೂನ್ ೧೬ರಂದು, ಹಾರ್ಲೆಮ್ ಬಡಾವಣೆಯಲ್ಲಿ ಗಂಡುಮಗುವು ಹುಟ್ಟಿತು. ಮಗು ಸೆರೆಮನೆಯಲ್ಲಿ ಹುಟ್ಟಿತೆಂದು ಅನೇಕರು ಬರೆದಿರುವುದುಂಟು, ಅದು ಸರಿಯಲ್ಲ. ದೇವಕಿಯ ಮಗನ ಕಥೆಗಿಂತ ಸುಭದ್ರೆಯ ಮಗನ ಕಥೆ ಇಲ್ಲಿಗೆ ಹೆಚ್ಚು ಹತ್ತಿರವಾದುದು. ವ್ಯೂಹದೊಳಕ್ಕೆ ನುಗ್ಗುವ ವಿದ್ಯೆಯನ್ನು ಗರ್ಭದಲ್ಲಿಯೇ ಕೇಳಿ, ಹೊರಬೀಳುವ ವಿದ್ಯೆಯನ್ನು ಕೇಳದೆ ಉಳಿದವನು ಅಭಿಮನ್ಯು.

ಹುಟ್ಟಿದಾಗ ಮಗುವಿಗೆ ಬೇರೊಂದು ಹೆಸರು ಇದ್ದಿತು. ಸ್ವಲ್ಪ ಕಾಲಾನಂತರ ತಾಯಿ ಅದನ್ನು ತೆಗೆದುಹಾಕಿ, ಟೂಪಾಕ್ ಅಮಾರು ಶಕೂರ್ ಎಂದು ಹೆಸರಿಟ್ಟಳು. ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ ಸ್ಪೇನಿನವರ ದಬ್ಬಾಳಿಕೆಯ ವಿರುದ್ಧ ದಂಗೆಯೆದ್ದು ೧೭೮೧ರಲ್ಲಿ ಕೂಸ್ಕೊ ನಗರದ ಚೌಕದಲ್ಲಿ ಚಿತ್ರವಧೆಗೊಳಗಾದ ಇಂಕಾ ವಂಶಸ್ಥನೊಬ್ಬನ ಹೆಸರು ಅದು. ಶಕೂರ್ ಎಂಬುದು ಅರಬ್ಬಿ ಮಾತು, ಕೃತಜ್ಞನೆಂದರ್ಥ. ನಾಮಕರಣದಲ್ಲಿ ದೇವರ ಹೆಸರನ್ನಿಡುವುದು ನಾಲಗೆಗೆ ಪುಣ್ಯ ಬರಲೆಂದು. ಈ ತಾಯಿ ಇಟ್ಟ ಹೆಸರಿನಲ್ಲಿ ಮಗನು ತೀರಿಸಬೇಕಾದ ಸಾಲವೊಂದು ಅಡಗಿದ್ದಿತು.

ಸಾಲಕ್ಕೆ ತಕ್ಕ ಪರಿಸರವೂ ಇದ್ದಿತು. ಮಲತಂದೆ ಮುಟುಲು ಶಕೂರ್ ೧೯೮೧ರ ದೊಡ್ಡದೊಂದು ದರೋಡೆಯ ಪ್ರಕರಣದಲ್ಲಿ ಬೇಕಾದವನಾಗಿ, ದೇಶದ ಪೋಲೀಸು ಇಲಾಖೆ ಹುಡುಕುತ್ತಿದ್ದ ಹತ್ತು ಜನ ಪ್ರಮುಖರ ಪಟ್ಟಿಯಲ್ಲಿ ಸೇರಿ, ೧೯೮೬ರಲ್ಲಿ ಸಿಕ್ಕಿಬಿದ್ದನು. ಧರ್ಮಪಿತನಾದ ಜೆರಾನಿಮೊ ಪ್ರ್ಯಾಟ್ ಕೊಲೆಯ ಆರೋಪದಲ್ಲಿ ಇಪ್ಪತ್ತೇಳು ವರ್ಷಗಳಷ್ಟು ಕಾಲ ಸೆರೆಯಲ್ಲಿದ್ದು, ಆ ಶಿಕ್ಷೆ ನ್ಯಾಯವಾದುದಲ್ಲವೆಂದು ೧೯೯೭ರಲ್ಲಿ ಬಿಡುಗಡೆ ಹೊಂದಿದನು. ಅಷ್ಟು ಹೊತ್ತಿಗೆ ಟೂಪಾಕನೇ ಇರಲಿಲ್ಲ. ಮನೆಯ ಗಂಡಸರು ಓಡುತ್ತಲೋ ಸೆರೆಯಲ್ಲಿಯೋ ಇದ್ದಾಗ ತಾಯಿ ಮಗನನ್ನೂ ಅವನ ತಂಗಿಯನ್ನೂ ಕಟ್ಟಿಕೊಂಡು ಬಂಧುಗಳ ಮನೆ, ನಿರಾಶ್ರಿತರ ಛತ್ರ ಎಂದು ಅಲೆದಳು. ತುಂಟತನ ಮಾಡಿದರೆ 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯನ್ನು ಓದಿ ಒಪ್ಪಿಸುವುದು ಅವನಿಗೆ ವಿಧಿಸಿದ್ದ ಶಿಕ್ಷೆಯೆಂದು ಪ್ರತೀತಿ. ಬೆತ್ತಕ್ಕಿಂತ ಒಳ್ಳೆಯ ಶಿಕ್ಷೆಯೆನ್ನಬೇಕು. ಅದರ ಫಲ ಮುಂದೆ ಕಾಣುವುದು.

ಹನ್ನೆರಡು ಹದಿಮೂರರ ವಯಸ್ಸಿನಲ್ಲಿ ಹಾರ್ಲೆಮಿನ ನಾಟಕ ತಂಡವೊಂದನ್ನು ಸೇರಿ, ಹೆಸರಾಂತ ಅಪೊಲೊ ರಂಗಮಂದಿರದಲ್ಲಿ ಲೊರೇನ್ ಹ್ಯಾನ್ಸ್‌ಬೆರಿ ಎಂಬ ಲೇಖಕಿಯ ನಾಟಕದಲ್ಲಿ ಬಾಲಕನ ಪಾತ್ರವನ್ನು ವಹಿಸಿದನು. ಕುಟುಂಬ ಬಾಲ್ಟಿಮೋರಿಗೆ ಹೋದ ಮೇಲೆ ಅಲ್ಲಿಯ ಕಲಾಶಾಲೆಯಲ್ಲಿ ಪ್ರವೇಶ ದೊರೆಯಿತು. ಅಭಿನಯ, ಕವಿತೆ, ಪಾಶ್ಚಾತ್ಯ ನೃತ್ಯ ಇವುಗಳನ್ನು ಅಲ್ಲಿ ಕಲಿತನು. ಷೇಕ್ಸ್‌ಪಿಯರನ ನಾಟಕಗಳಲ್ಲಿ ಪಾತ್ರಗಳನ್ನು ಕಟ್ಟಿದನು. ಚೈಕಾವ್‌ಸ್ಕಿಯ ಪ್ರಸಿದ್ಧ ನೃತ್ಯನಾಟಕದಲ್ಲಿ ಇಲಿಗಳ ರಾಜನಾಗಿ ಕುಣಿದನು. ತರುವಾಯದ ಕಾಲದಲ್ಲಿ ಬರಿಮೈಯಲ್ಲಿ ಹಚ್ಚೆಗಳನ್ನು ತೋರಿಸಿಕೊಂಡು ನಿಂತ ಅವನ ಚಿತ್ರವನ್ನು ಮಾತ್ರ ಕಂಡವರಿಗೆ ಇದು ನಂಬಲರಿದಾಗಿ ತೋರುವುದು. ಬಾಳಿನಲ್ಲಿ ತನಗೆ ಸ್ವಾತಂತ್ರ್ಯದ ಅನುಭವವಾದುದು ಆ ಶಾಲೆಯಲ್ಲಿಯೇ ಎಂದು ಅವನು ಅನೇಕ ಸಲ ಹೇಳಿಕೊಂಡಿದ್ದಾನೆ. ಓದು ಮುಗಿಯುವ ಮೊದಲೇ, ೧೯೮೮ರಲ್ಲಿ, ಬಡತನದ ದೆಸೆಯಿಂದ ಕುಟುಂಬ ಖಂಡದ ಇನ್ನೊಂದು ಅಂಚಿಗೆ, ಕ್ಯಾಲಿಫೋರ್ನಿಯದ ಮರೀನ್ ಸಿಟಿ ಎಂಬಲ್ಲಿಗೆ ಹೋಗಬೇಕಾಯಿತು. ಒಂದು ಒಳ್ಳೆಯ ಪಾಠಶಾಲೆ ಒಬ್ಬ ಹುಡುಗನ ಕೈತಪ್ಪಿಹೋಗುವುದು ಲೋಕದಲ್ಲಿ ದಿನವೂ ನಡೆಯುವ ಸಂಗತಿ; ಯಾವ ವೃತ್ತಪತ್ರಿಕೆಯೂ ಅದನ್ನು ಅಚ್ಚುಹಾಕುವುದಿಲ್ಲ.

ಮರೀನ್ ಸಿಟಿಯಲ್ಲಿ ಅಫೇನಿ ಕೊಕೇನ್ ಎಂಬ ಮಾದಕದ ಚಟಕ್ಕೆ ಬಿದ್ದಳು. ಇಡಿಯ ನ್ಯಾಯಸ್ಥಾನವನ್ನು ಎದುರಿಸಿ ಗೆದ್ದವಳು ಹೊಗೆಯ ಚಿಲುಮೆಯೊಂದಕ್ಕೆ ಸೋತಳು. ಮಗನು ಮನೆಬಿಟ್ಟು ಗೆಳೆಯರ ಮನೆಯಲ್ಲಿ ಮಲಗಿ ಕಾಲ ಕಳೆದನು. ಆಗ ಲೈಲಾ ಸ್ಟೈನ್‌ಬರ್ಗ್ ಎಂಬಾಕೆ ನಡೆಸುತ್ತಿದ್ದ ಕವಿತಾಭ್ಯಾಸದ ಕೂಟವನ್ನು ಸೇರಿ ಬರೆದ ಪದ್ಯಗಳು ಅವನು ತೀರಿಕೊಂಡ ಮೇಲೆ, ೧೯೯೯ರಲ್ಲಿ, ಅವನ ಕೈಬರಹದ ಪ್ರತಿಕೃತಿಯೊಡನೆ ಅಚ್ಚಾದುವು. 'ನಾನು' ಎಂಬುದಕ್ಕೆ ಇಂಗ್ಲಿಷಿನಲ್ಲಿರುವ ಮಾತೂ 'ಕಣ್ಣು' ಎಂಬುದಕ್ಕಿರುವ ಮಾತೂ ಉಚ್ಚಾರಣೆಯಲ್ಲಿ ಒಂದೇ ಆದುದರಿಂದ, ಆ ಹುಡುಗನು ತನ್ನನ್ನು ಹೇಳಿಕೊಳ್ಳಬೇಕಾದೆಡೆಯಲ್ಲೆಲ್ಲ ಪುಟ್ಟ ಕಣ್ಣೊಂದನ್ನು ಬರೆದಿದ್ದಾನೆ. ಪದ್ಯಗಳು ಎಳೆಯವು; ಕೆಲವು ಬರಿಯ ಹುಡುಗಾಟಿಕೆ. ಆದರೆ ಆ ಕಣ್ಣು ಮರೆಯತಕ್ಕುದಲ್ಲ.

ಅವನು ಹೊಕ್ಕ ಕಲೆಯ ಸ್ವರೂಪವನ್ನು ಇಲ್ಲಿ ಸ್ವಲ್ಪ ಹೇಳಬೇಕು. ರ‍್ಯಾಪ್ ಎಂದರೆ ಬರಿಯ ಗದ್ದಲವೆಂಬ ಭಾವನೆ ವಿದ್ಯಾವಂತರ ಮನೆಗಳಲ್ಲಿ ಬಲವಾಗಿದೆ. ಇದರ ಹುಟ್ಟನ್ನು ೧೯೭೩ನೆಯ ಆಗಸ್ಟ್ ೧೧ರಂದು ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದಲ್ಲಿ ನಡೆದ ಒಂದು ಸಂತೋಷಕೂಟದಿಂದ ಎಣಿಸುವುದು ವಾಡಿಕೆ. ಜಮೈಕ ದ್ವೀಪದಿಂದ ಬಂದು ನೆಲಸಿದ್ದ, ಕೂಲ್ ಹರ್ಕ್ ಎಂದು ಹೆಸರು ಪಡೆದ ತರುಣನೊಬ್ಬನು ಒಂದೇ ಹಾಡಿನ ಎರಡು ಗ್ರಾಮಫೋನ್ ತಟ್ಟೆಗಳನ್ನು ಎರಡು ಯಂತ್ರಗಳ ಮೇಲಿಟ್ಟು, ಮದ್ದಲೆಯ ಭಾಗ ಮಾತ್ರ ಮುಗಿಯದಂತೆ ಒಂದಾದಮೇಲೊಂದನ್ನು ತಿರುಗಿಸುತ್ತ ಹೋದನು. ಆ ತಾಳದ ಮೇಲೆ ಕುಣಿಯುವವರನ್ನು ಹುರಿದುಂಬಿಸಲು ಆಡಿದ ಮಾತು ಕ್ರಮೇಣ ಪದ್ಯವಾಯಿತು. ನಾಲ್ಕು ಪೆಟ್ಟುಗಳ ಒಂದು ಆವರ್ತನ. ಅದರೊಳಗೆ ಅಕ್ಷರಗಳೆಷ್ಟಾದರೂ ಇರಬಹುದು, ಒತ್ತು ಮಾತ್ರ ಪೆಟ್ಟಿನ ಮೇಲೆ ಬೀಳಬೇಕು. ಕನ್ನಡದ ಹಳೆಯ ಪದ್ಯಗಳಲ್ಲಿ ಪ್ರಾಸವು ಪಾದದ ಎರಡನೆಯ ಅಕ್ಷರದಲ್ಲಿ ನಿಲ್ಲುವುದು. ಇಲ್ಲಿ ಪಾದಾಂತದಲ್ಲಿ, ಸಮರ್ಥನಾದವನಿಗೆ ಪಾದಮಧ್ಯದಲ್ಲಿಯೂ. ನಿಂತ ನಿಲುವಿನಲ್ಲಿ ಕಟ್ಟಿ ಹೇಳುವವರೂ ಉಂಟು. ಅವರನ್ನು ಆಶುಕವಿಗಳೆಂದು ಕರೆದರೆ ತಪ್ಪಾಗಲಾರದು. ಪರಸ್ಪರ ನಿಂದೆಯ ಸ್ಪರ್ಧೆಯೂ ಉಂಟು. ರಾಜಾಸ್ಥಾನದ ಪಂಡಿತರಿಗೆ ಆ ವಿದ್ಯೆ ಅಪರಿಚಿತವಾಗಿರಲಿಲ್ಲ.

ಶಬ್ದಾಲಂಕಾರದ ಬಿಗಿಯಲ್ಲಿ ಟೂಪಾಕನನ್ನು ಮೀರಿಸಿದವರು ಅವನ ಕಾಲದಲ್ಲಿಯೇ ಇದ್ದರು. ರಾಕಿಮ್ ಎಂಬವನ ಪ್ರಾಸಗಳ ಹೆಣಿಗೆ ಅವನಿಗೆ ಇಲ್ಲ, ನ್ಯಾಸ್ ಎಂಬವನ ಚಿತ್ರಣದ ಸೂಕ್ಷ್ಮತೆಯೂ ಇಲ್ಲ. ಅವನ ಬಲವಿದ್ದುದು ಆಲಂಕಾರಿಕರು ಕಾಕು ಎಂದು ಕರೆದ ಧ್ವನಿವಿಕಾರದಲ್ಲಿ. ಒಂದೇ ಪದವನ್ನು ಎಳೆದು, ತಗ್ಗಿಸಿ, ಒಡೆದ ಕಂಠದಲ್ಲಿ ನುಡಿದು ಕೋಪವನ್ನು ಅಳಲನ್ನಾಗಿ ತಿರುಗಿಸುವ ಶಕ್ತಿ ಅವನಿಗಿದ್ದಿತು. ಅದಕ್ಕಾಗಿ ಒಂದು ಉಪಾಯವನ್ನೂ ಮಾಡುತ್ತಿದ್ದನು. ಹೇಳಿದ ಪದ್ಯವನ್ನೇ ಎರಡು ಮೂರು ಸಲ ಮುದ್ರಿಸಿ, ಒಂದರ ಮೇಲೊಂದನ್ನು ಕೂಡಿಸುತ್ತಿದ್ದನು. ಪ್ರತಿಸಲದ ಉಚ್ಚಾರಣೆಯೂ ಕೂದಲೆಳೆಯಷ್ಟು ಬೇರೆಯಾಗಿರುವುದರಿಂದ ಒಬ್ಬನ ಕಂಠವು ಸಣ್ಣದೊಂದು ಗುಂಪಿನ ಕಂಠದಂತೆ ಕೇಳುವುದು.

ಡಿಜಿಟಲ್ ಅಂಡರ್‌ಗ್ರೌಂಡ್ ಎಂಬ ಮೇಳದಲ್ಲಿ ಸಾಮಾನು ಹೊರುವವನಾಗಿ, ಹಿಂದೆ ನಿಂತು ಕುಣಿಯುವವನಾಗಿ ೧೯೯೦ರಲ್ಲಿ ಸೇರಿದವನು, ಮರುವರ್ಷದ ನವೆಂಬರಿನಲ್ಲಿ ತನ್ನದೇ ಆದ ಮೊದಲ ಗೀತಸಂಪುಟವನ್ನು ಹೊರಡಿಸಿದನು. ಅದರಲ್ಲಿ ಬ್ರೆಂಡಾ ಎಂಬ ಹುಡುಗಿಯ ಕಥನಕವನವೊಂದಿದೆ. ಹನ್ನೆರಡು ವರ್ಷದ ಬಾಲಿಕೆ, ಬಂಧುವಿನಿಂದಲೇ ಗರ್ಭವತಿಯಾಗಿ, ಹೆತ್ತ ಶಿಶುವನ್ನು ಕಸದ ಪಾಲುಮಾಡುತ್ತಾಳೆ. ಕೊನೆಗೆ ಬೀದಿಯ ಪಾಲಾಗಿ ಕೊಲೆಯಾಗುತ್ತಾಳೆ. 'ಜೂಸ್' ಎಂಬ ಚಲಚ್ಚಿತ್ರದಲ್ಲಿ ನಟಿಸುತ್ತಿದ್ದ ದಿನಗಳಲ್ಲಿ ವೃತ್ತಪತ್ರಿಕೆಯಲ್ಲಿ ಓದಿದ ವರದಿಯೊಂದರಿಂದ ಈ ಪದ್ಯ ಹುಟ್ಟಿತು. ತಾಯಿ ವಿಧಿಸಿದ ಶಿಕ್ಷೆ ಹೀಗೆ ಫಲಿಸಿತೆಂದು ಹೇಳಬಹುದು. ಕಥನದ ನಡುವೆ ಪಲ್ಲವಿಯೂ ಬಾರದಷ್ಟು ಬಿಗಿ. ಹುಡುಗಿಯನ್ನು ಹಳಿಯುವ ಮಾತು ಒಂದೂ ಇಲ್ಲ. ಆ ಸಂಪುಟದಲ್ಲಿಯೇ ಪೋಲೀಸಿನವರನ್ನು ಗುಂಡಿಕ್ಕುವ ಮಾತುಗಳೂ ಇವೆ. ಟೆಕ್ಸಸ್ಸಿನಲ್ಲಿ ಪೋಲೀಸಿನವನನ್ನು ಕೊಂದ ಯುವಕನೊಬ್ಬನು ಈ ಹಾಡುಗಳೇ ತನ್ನನ್ನು ಪ್ರಚೋದಿಸಿದುವೆಂದು ವಾದಿಸಿದಾಗ, ಉಪಾಧ್ಯಕ್ಷನಾಗಿದ್ದ ಡ್ಯಾನ್ ಕ್ವೇಲ್ ೧೯೯೨ರಲ್ಲಿ ಇಂತಹ ಸಂಪುಟಕ್ಕೆ ಸಮಾಜದಲ್ಲಿ ಎಡೆಯಿರಬಾರದೆಂದು ಬಹಿರಂಗವಾಗಿ ಸಾರಿದನು.

ಇದು ಹಳೆಯ ಪ್ರಶ್ನೆ. ಕಾವ್ಯದಲ್ಲಿ ಕವಿಯೇ ಆಡಿದ ಮಾತು ಒಂದು, ಕವಿಯು ಕಲ್ಪಿಸಿದ ವಕ್ತೃವು ಆಡುವ ಮಾತು ಇನ್ನೊಂದು ಎಂದು ಆನಂದವರ್ಧನನೂ ಮಮ್ಮಟನೂ ಭೇದವನ್ನು ಹೇಳಿದ್ದಾರೆ. ರಾವಣನ ಮಾತಿಗೆ ವಾಲ್ಮೀಕಿಯನ್ನು ಯಾರೂ ಹಿಡಿದು ದಂಡಿಸುವುದಿಲ್ಲ. ಅಮೆರಿಕದ ನ್ಯಾಯಸ್ಥಾನಗಳಲ್ಲಿ ರ‍್ಯಾಪ್ ಪದ್ಯಗಳನ್ನು ಕವಿಯ ತಪ್ಪೊಪ್ಪಿಗೆಯಂತೆ ಓದಿ ಶಿಕ್ಷೆಗೆ ಸಾಕ್ಷಿಯನ್ನಾಗಿ ಮಾಡಿಕೊಳ್ಳುವ ಪದ್ಧತಿ ಬಹುಕಾಲ ನಡೆಯಿತು. ಅದಕ್ಕೆ ಕಡಿವಾಣ ಹಾಕುವ ಶಾಸನವನ್ನು ಕ್ಯಾಲಿಫೋರ್ನಿಯ ಸಂಸ್ಥಾನವು ೨೦೨೨ರಲ್ಲಿ ಮಾಡಿತು. ಶಾಸನವು ಯುಕ್ತವಾದುದೇ. ಟೂಪಾಕನ ವಿಷಯದಲ್ಲಿ ಮಾತ್ರ ತೊಡಕು ಬೇರೆ. ಕವಿಯನ್ನೂ ಅವನು ಕಲ್ಪಿಸಿದ ವಕ್ತೃವನ್ನೂ ಬೇರ್ಪಡಿಸುವ ಗೆರೆಯನ್ನು ಅಳಿಸಿದವರು ವಿರೋಧಿಗಳು ಮಾತ್ರವಲ್ಲ. ಅವನು ತಾನೇ ಅಳಿಸಿಕೊಂಡನು. ಶಾಲೆಯಲ್ಲಿ ನಟನಾಗಿದ್ದವನು ಬೀದಿಯ ಬಂಟನ ವೇಷವನ್ನು ಹಾಕಿ, ರಂಗದಿಂದಿಳಿದ ಮೇಲೆಯೂ ಬಣ್ಣ ತೊಳೆಯದೆ ಉಳಿದನು.

ಹೊಟ್ಟೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ 'ಥಗ್ ಲೈಫ್' ಎಂದು ಹಚ್ಚೆ ಚುಚ್ಚಿಸಿಕೊಂಡಿದ್ದನು. ಥಗ್ ಎಂಬುದು ಹತ್ತೊಂಬತ್ತನೆಯ ಶತಮಾನದಲ್ಲಿ ಸ್ಲೀಮನ್ ಮೊದಲಾದ ಕಂಪನಿಯ ಅಧಿಕಾರಿಗಳ ಬರಹಗಳ ಮೂಲಕ ಇಂಗ್ಲಿಷಿನಲ್ಲಿ ಹರಡಿದ ಮಾತು. ಹಿಂದಿಯ ಠಗ, ಕನ್ನಡದ ಠಕ್ಕ ಎಲ್ಲವೂ ಒಂದೇ ಬಳ್ಳಿಯವು. ಸಂಸ್ಕೃತದಲ್ಲಿ ಮರೆಮಾಡುವುದೆಂಬ ಅರ್ಥದ ಸ್ಥಗ್ ಧಾತುವಿನವರೆಗೆ ಅದರ ಬೇರನ್ನು ಕಾಣಬಹುದು. ವಿಂಧ್ಯದ ದಾರಿಗಳಲ್ಲಿ ಪಯಣಿಗರ ಕೊರಳಿಗೆ ಉರುಲು ಬಿಗಿದವರ ಹೆಸರು ಸಮುದ್ರ ದಾಟಿ ಹೋಗಿ ಕಪ್ಪು ತರುಣನ ಹೊಟ್ಟೆಯ ಮೇಲೆ ಕುಳಿತ ಬಗೆ ವಿಚಿತ್ರವಾದುದು. ಅವನು ಅದಕ್ಕೆ ಹೊಸ ವ್ಯುತ್ಪತ್ತಿಯನ್ನೇ ಕಟ್ಟಿದನು. ಒಂದೊಂದು ಅಕ್ಷರಕ್ಕೂ ಒಂದೊಂದು ಪದವನ್ನು ಆರೋಪಿಸಿ, ಎಳೆಯ ಮಕ್ಕಳಿಗೆ ಉಣಿಸಿದ ದ್ವೇಷವು ಎಲ್ಲರನ್ನೂ ಕೆಡಿಸುವುದೆಂಬ ಅರ್ಥವನ್ನು ಹೊರಡಿಸಿದನು. ಯಾಸ್ಕನು ಮೆಚ್ಚುತ್ತಿದ್ದನೋ ಇಲ್ಲವೋ, ಅರ್ಥವು ಸತ್ಯವಾದುದು. ೧೯೯೨ರಲ್ಲಿ ಸೆರೆಯಲ್ಲಿದ್ದ ಮಲತಂದೆಯ ನೆರವಿನಿಂದ ಬೀದಿಯ ತಂಡಗಳಿಗಾಗಿ ಒಂದು ನಿಯಮಾವಳಿಯನ್ನೂ ಸಿದ್ಧಪಡಿಸಿದನು. ಮಕ್ಕಳಿಗೂ ಗರ್ಭಿಣಿಯರಿಗೂ ಮಾದಕವನ್ನು ಮಾರಕೂಡದೆಂಬುದು ಅದರಲ್ಲಿನ ಕಟ್ಟಳೆಗಳಲ್ಲಿ ಸೇರಿದ್ದಿತು. ಮಾರುವುದನ್ನೇ ನಿಲ್ಲಿಸಿರೆಂದು ಅದು ಹೇಳಲಿಲ್ಲ. ಕೆಡುಕಿನೊಳಗೊಂದು ಮೇರೆಯನ್ನು ಹಾಕುವ ಈ ಯತ್ನವನ್ನು ನೋಡಿ ನಗುವವರು ಗರ್ಭಿಣಿಯರನ್ನು ಕುರಿತ ಕಟ್ಟಳೆ ಅವನಿಗೆ ಎಲ್ಲಿಂದ ಹೊಳೆದಿರಬಹುದೆಂದು ಯೋಚಿಸಬೇಕು.

ಅದೇ ವರ್ಷದ ಆಗಸ್ಟ್ ತಿಂಗಳಿನಲ್ಲಿ ಮರೀನ್ ಸಿಟಿಯ ಉತ್ಸವಕ್ಕೆ ಹೋಗಿದ್ದಾಗ ಹಳೆಯ ಪರಿಚಿತರೊಡನೆ ಜಗಳವೆದ್ದಿತು. ಅವನ ಹೆಸರಿನಲ್ಲಿ ನೋಂದಾಯಿತವಾಗಿದ್ದ ಪಿಸ್ತೂಲು ಕೆಳಗೆ ಬಿದ್ದಿತು. ಅವನ ಗುಂಪಿನವರೊಬ್ಬರು ಅದನ್ನು ಎತ್ತಿಕೊಂಡರೆಂದು ಹೇಳುತ್ತಾರೆ. ಹಾರಿದ ಗುಂಡು ಹತ್ತಿರದ ಶಾಲೆಯ ಬಯಲಿನಲ್ಲಿ ಸೈಕಲ್ಲು ತುಳಿಯುತ್ತಿದ್ದ ಆರು ವರ್ಷದ ಬಾಲಕನ ತಲೆಗೆ ತಗುಲಿತು. ಯಾರ ಮೇಲೆಯೂ ಕೊಲೆಯ ಅಪರಾಧ ಸ್ಥಾಪಿತವಾಗಲಿಲ್ಲ. ಮಗುವಿನ ತಾಯಿ ದಾವೆ ಹೂಡಿದಳು; ಮೂರು ವರ್ಷಗಳ ತರುವಾಯ ಹಾಡಿನ ಕಂಪನಿಯು ಹಣ ಕೊಟ್ಟು ರಾಜಿಮಾಡಿಕೊಂಡಿತು. ಬ್ರೆಂಡಾಳ ಶಿಶುವಿಗಾಗಿ ಕಣ್ಣೀರು ತರಿಸಿದ ಕವಿಯ ಪಿಸ್ತೂಲು ಅದು. ಅಭಿಮಾನಿಗಳು ಬರೆದ ಚರಿತ್ರೆಗಳು ಈ ಸಂಗತಿಯ ಮೇಲೆ ಬೇಗ ಬೇಗ ಹಾದುಹೋಗುತ್ತವೆ.

೧೯೯೩ರ ಸಂಪುಟದಲ್ಲಿ ಬಡ ಕಪ್ಪು ಹೆಂಗಸರಿಗೆ ಧೈರ್ಯ ಹೇಳುವ ಪದ್ಯವೊಂದು ಬಂದಿತು. ಲಾಸ್ ಏಂಜಲೀಸಿನ ಅಂಗಡಿಯೊಂದರಲ್ಲಿ ೧೯೯೧ರಲ್ಲಿ ಗುಂಡಿಗೆ ಬಲಿಯಾದ ಹದಿನೈದು ವರ್ಷದ ಹುಡುಗಿಯ ನೆನಪಿಗೆ ಅದು ಅರ್ಪಿತವಾಗಿತ್ತು. ಹೆಣ್ಣಿನಿಂದ ಹುಟ್ಟಿದ ಗಂಡಸು ಹೆಣ್ಣನ್ನು ಏಕೆ ಹಿಂಸಿಸುತ್ತಾನೆಂಬ ಪ್ರಶ್ನೆಯೇ ಅದರ ಜೀವಾಳ. ಆ ವರ್ಷವೇ ನವೆಂಬರಿನಲ್ಲಿ ನ್ಯೂಯಾರ್ಕಿನ ಒಂದು ಹೋಟೆಲಿನಲ್ಲಿ ತನ್ನ ಮೇಲೆ ಅವನೂ ಸಂಗಡಿಗರೂ ಅತ್ಯಾಚಾರ ನಡೆಸಿದರೆಂದು ಹತ್ತೊಂಬತ್ತು ವರ್ಷದ ಯುವತಿಯೊಬ್ಬಳು ದೂರುಕೊಟ್ಟಳು. ಆರೋಪಗಳಲ್ಲಿ ಘೋರವಾದುವುಗಳಿಂದ ಪಂಚಾಯಿತರು ಅವನನ್ನು ಬಿಡುಗಡೆ ಮಾಡಿದರಾದರೂ, ಬಲಾತ್ಕಾರದಿಂದ ಮೈಮೇಲೆ ಕೈಮಾಡಿದ ಅಪರಾಧವನ್ನು ೧೯೯೪ರ ಡಿಸೆಂಬರ್ ೧ರಂದು ಎತ್ತಿಹಿಡಿದರು. ತಾನು ನಿರ್ದೋಷಿಯೆಂದೇ ಅವನು ಕಡೆಯವರೆಗೂ ಹೇಳಿದನು. ತಾನಿದ್ದೂ ಆ ಹುಡುಗಿಯನ್ನು ಕಾಪಾಡಲಿಲ್ಲವೆಂಬಷ್ಟು ಹೊಣೆಯನ್ನು ಮಾತ್ರ ಒಪ್ಪಿಕೊಂಡನು.

ಇಲ್ಲಿ ಎರಡು ಸುಲಭವಾದ ದಾರಿಗಳಿವೆ. ಆ ಪದ್ಯವೇ ಬೂಟಾಟಿಕೆಯೆಂದು ಎಸೆಯುವುದು ಒಂದು. ಪದ್ಯ ಒಳ್ಳೆಯದಾದುದರಿಂದ ತೀರ್ಪು ಸುಳ್ಳಿರಬೇಕೆನ್ನುವುದು ಇನ್ನೊಂದು. ಎರಡನ್ನೂ ಹಿಡಿದು ನಡೆದವರು ಬಹು ಮಂದಿ. ಕವಿಯ ಶೀಲವು ಕಾವ್ಯದಲ್ಲಿ ಪ್ರತಿಬಿಂಬಿಸುವುದೆಂಬ ಹಳೆಯ ನಂಬಿಕೆಯನ್ನು ಇವನ ಸಂದರ್ಭದಲ್ಲಿ ಹಿಡಿದು ನಿಲ್ಲಿಸುವುದು ಕಷ್ಟ. ಪದ್ಯವು ಕೇಳಿದ ಪ್ರಶ್ನೆ ನಿಜವಾದುದು, ಅದನ್ನು ಕೇಳಿ ಬಾಳನ್ನು ತಿದ್ದಿಕೊಂಡ ಹೆಂಗಸರೂ ನಿಜ. ಹೋಟೆಲಿನ ಕೊಠಡಿಯೂ ನಿಜ. ಪ್ರಶ್ನೆಯನ್ನು ಕೇಳಿದವನೇ ಅದಕ್ಕೆ ಉತ್ತರ ಕೊಡಬೇಕಾದವರ ಸಾಲಿನಲ್ಲಿಯೂ ನಿಂತಿದ್ದನು.

ತೀರ್ಪಿನ ಹಿಂದಿನ ರಾತ್ರಿಯೇ ಮತ್ತೊಂದು ಘಟನೆ ನಡೆದಿದ್ದಿತು. ಟೈಮ್ಸ್ ಚೌಕದ ಬಳಿ ಧ್ವನಿಮುದ್ರಣದ ಮಂದಿರವೊಂದರ ಕೆಳಹಜಾರದಲ್ಲಿ ಶಸ್ತ್ರಧಾರಿಗಳು ಅವನ ಒಡವೆಗಳನ್ನು ದೋಚಿ ಗುಂಡಿಕ್ಕಿದರು. ಐದು ಗಾಯಗಳಾದುವು. ಶಸ್ತ್ರಚಿಕಿತ್ಸೆಯಾದ ಕೆಲವೇ ಗಂಟೆಗಳಲ್ಲಿ ವೈದ್ಯರ ಮಾತನ್ನು ಮೀರಿ ಆಸ್ಪತ್ರೆಯಿಂದ ಹೊರಟು, ಬಟ್ಟೆ ಸುತ್ತಿದ ತಲೆಯೊಡನೆ ಗಾಲಿಕುರ್ಚಿಯಲ್ಲಿ ಕುಳಿತು ನ್ಯಾಯಸ್ಥಾನಕ್ಕೆ ಬಂದನು. ಅದು ಧೈರ್ಯವೋ ನಟನೆಯೋ ಹೇಳುವುದು ಕಷ್ಟ, ಎರಡೂ ಇದ್ದಿರಬೇಕು. ೧೯೯೫ರ ಫೆಬ್ರವರಿಯಲ್ಲಿ ಒಂದೂವರೆ ವರ್ಷದಿಂದ ನಾಲ್ಕೂವರೆ ವರ್ಷದವರೆಗಿನ ಸೆರೆವಾಸವನ್ನು ವಿಧಿಸಿದರು.

ಅವನು ಸೆರೆಯಲ್ಲಿರುವಾಗ ಹೊರಬಂದ ಸಂಪುಟವೇ ಅವನ ಕೃತಿಗಳಲ್ಲಿ ಶ್ರೇಷ್ಠವಾದುದೆಂದು ಹೇಳಬೇಕು. ಅದು ದೇಶದ ಮಾರಾಟದ ಪಟ್ಟಿಯಲ್ಲಿ ಮೊದಲನೆಯ ಸ್ಥಾನವನ್ನು ಪಡೆಯಿತು. ಸೆರೆಯಾಳಿನ ಸಂಪುಟವೊಂದು ಆ ಸ್ಥಾನಕ್ಕೆ ಏರಿದುದು ಅದೇ ಮೊದಲು. ತಾಯಿಯನ್ನು ಕುರಿತ 'ಡಿಯರ್ ಮಮಾ' ಎಂಬ ಪದ್ಯ ಇರುವುದು ಇದರಲ್ಲಿ. ಮಾತೃಸ್ತುತಿಗೆ ಸಂಸ್ಕೃತದಲ್ಲಿ ಕೊರತೆಯಿಲ್ಲ. ಶಂಕರರ ಹೆಸರಿನಲ್ಲಿ ಪ್ರಚಲಿತವಾಗಿರುವ ಮಾತೃಪಂಚಕದಲ್ಲಿ ಲೋಕವನ್ನು ಬಿಟ್ಟ ಮಗನು ತೀರಿಸಲಾಗದ ಋಣವನ್ನು ನೆನೆದು ಕರಗುತ್ತಾನೆ. ಅಲ್ಲಿ ತಾಯಿಯಲ್ಲಿ ಕೊರತೆಯಿಲ್ಲ, ಕೊರತೆಯೆಲ್ಲ ಮಗನದು. ಟೂಪಾಕನ ಪದ್ಯದಲ್ಲಿ ತಾಯಿಗೂ ಕೊರತೆಯಿದೆ. ಆಕೆಯ ಚಟವನ್ನು ಅವನು ಬಚ್ಚಿಡುವುದಿಲ್ಲ. ಲೋಕವೆಲ್ಲ ಕೇಳುವಂತೆ ಹೆಸರಿಟ್ಟು ಹೇಳುತ್ತಾನೆ. ಹೇಳಿದ ಉಸಿರಿನಲ್ಲಿಯೇ, ಒಂಟಿ ಹೆಂಗಸು ಸರಕಾರದ ಧರ್ಮದ ಹಣದಲ್ಲಿ ಹಬ್ಬದ ದಿನ ಅಡಿಗೆ ಮಾಡಿ ಬಡಿಸಿದುದನ್ನು ನೆನೆಯುತ್ತಾನೆ. ಸೆರೆಕೋಣೆಯೊಳಗಿನಿಂದ ಆಕೆಯನ್ನು ಅಪ್ಪಿಕೊಂಡುದನ್ನು ನೆನೆಯುತ್ತಾನೆ. ಪೂಜೆಯ ಪೀಠದ ಮೇಲಿಟ್ಟು ಹೊಗಳುವುದು ಸುಲಭ. ಬಿದ್ದ ತಾಯಿಯನ್ನು ಬಿದ್ದೆಡೆಯಲ್ಲಿಯೇ ಕಂಡು ನಮಸ್ಕರಿಸಿದ ಪದ್ಯಗಳು ಯಾವ ಭಾಷೆಯಲ್ಲಿಯೂ ಹೆಚ್ಚಿಲ್ಲ. ಅದನ್ನು ಬರೆಯುವ ಹೊತ್ತಿಗೆ ಅಫೇನಿ ಚಟವನ್ನು ಗೆದ್ದು ನಿಂತಿದ್ದಳೆಂಬುದನ್ನೂ ಹೇಳಬೇಕು. ಅಮೆರಿಕದ ರಾಷ್ಟ್ರೀಯ ಗ್ರಂಥಾಲಯವು ಕಾಪಾಡಿ ಉಳಿಸತಕ್ಕ ಧ್ವನಿಮುದ್ರಣಗಳ ಪಟ್ಟಿಗೆ ಈ ಪದ್ಯವನ್ನು ೨೦೧೦ರಲ್ಲಿ ಸೇರಿಸಿಕೊಂಡಿತು. ತಾಯಿಯನ್ನು ಸೆರೆಯಲ್ಲಿಟ್ಟ ರಾಜ್ಯವೇ ಆಕೆಯ ಸ್ತುತಿಯನ್ನು ಭಂಡಾರದಲ್ಲಿಟ್ಟುಕೊಂಡಿತು.

ಸೆರೆಯಲ್ಲಿ ಅವನು ಬಹಳ ಓದಿದನು. ಇಟಲಿಯ ಮ್ಯಾಕಿಯವೆಲ್ಲಿಯ ರಾಜನೀತಿ, ಚೀನದ ಸುನ್ ತ್ಸುವಿನ ಯುದ್ಧಶಾಸ್ತ್ರ ಇವು ಅವನ ಮನಸ್ಸನ್ನು ಹಿಡಿದುವು. ಆಪತ್ತಿನಲ್ಲಿರುವವನಿಗೆ ಅರ್ಥಶಾಸ್ತ್ರದಂತಹ ಗ್ರಂಥಗಳು ಹಿತವೇ ಎಂಬುದು ವಿಚಾರಿಸತಕ್ಕ ಮಾತು. ಎಲ್ಲೆಲ್ಲಿಯೂ ಶತ್ರುಗಳನ್ನು ಕಾಣುವ ಕಣ್ಣನ್ನು ಅವು ಕೊಡುತ್ತವೆ. ತನ್ನ ಮೇಲೆ ಗುಂಡು ಹಾರಿಸಿದ ಸಂಚು ಹಿಂದಿನ ಗೆಳೆಯ, ನ್ಯೂಯಾರ್ಕಿನ ಪ್ರಸಿದ್ಧ ರ‍್ಯಾಪ್ ಕವಿ ನೊಟೋರಿಯಸ್ ಬಿ. ಐ. ಜಿ. ಎಂಬವನ ಕಡೆಯವರಿಗೆ ತಿಳಿದಿದ್ದಿತೆಂಬ ಶಂಕೆ ಅವನಲ್ಲಿ ಬೇರೂರಿತು. ಆ ಗೆಳೆಯನು ಇದನ್ನು ಅಲ್ಲಗಳೆದನು. ಅಷ್ಟರಲ್ಲಿ ಲಾಸ್ ಏಂಜಲೀಸಿನ ಡೆತ್ ರೋ ಎಂಬ ಕಂಪನಿಯ ಒಡೆಯ ಷೂಗ್ ನೈಟ್ ಸೆರೆಮನೆಗೆ ಬಂದು ಮೂರು ಸಂಪುಟಗಳಿಗೆ ಕರಾರು ಬರೆಯಿಸಿಕೊಂಡನು. ೧೪ ಲಕ್ಷ ಡಾಲರಿನ ಜಾಮೀನು ಕಟ್ಟಲಾಗಿ ೧೯೯೫ರ ಅಕ್ಟೋಬರಿನಲ್ಲಿ ಬಿಡುಗಡೆಯಾಯಿತು. ಚಕ್ರವ್ಯೂಹದ ಬಾಗಿಲು ಹೀಗೆ ತೆರೆಯಿತು. ಹೊರಗೆ ಬಂದವನಿಗೆ ತಾನು ಒಳಕ್ಕೆ ಹೋದೆನೆಂಬುದು ತಿಳಿಯಲಿಲ್ಲ.

ಅಲ್ಲಿಂದ ಹನ್ನೊಂದೇ ತಿಂಗಳು. ಅಷ್ಟರಲ್ಲಿ ಅವನು ಮಾಡಿದ ಕೆಲಸ ಉನ್ಮಾದದಂತೆ ತೋರುವುದು. ಇಪ್ಪತ್ತೇಳು ಪದ್ಯಗಳ ಜೋಡಿಸಂಪುಟವೊಂದು ೧೯೯೬ರ ಫೆಬ್ರವರಿಯಲ್ಲಿ ಹೊರಬಂದಿತು. ಆಗಸ್ಟಿನಲ್ಲಿ ಮ್ಯಾಕಿಯವೆಲ್ಲಿಯ ಹೆಸರನ್ನು ತಿರುಚಿ ಅಂಕಿತವಾಗಿ ಇಟ್ಟುಕೊಂಡು ಇನ್ನೊಂದು ಸಂಪುಟವನ್ನು ಒಂದು ವಾರದಲ್ಲಿ ಮುಗಿಸಿದನೆಂದು ಪ್ರಸಿದ್ಧಿ. ಎರಡು ಚಲಚ್ಚಿತ್ರಗಳಲ್ಲಿ ನಟಿಸಿದನು. ಪೆಟ್ಟಿಗೆಯಲ್ಲಿ ಉಳಿದ ಧ್ವನಿಮುದ್ರಣಗಳಿಂದ ಮುಂದಿನ ಹತ್ತು ವರ್ಷಗಳಲ್ಲಿ ಹಲವು ಸಂಪುಟಗಳು ಹೊರಟುವು. ಪ್ರಮಾಣ ಹೆಚ್ಚಿದಂತೆ ಗುಣ ಇಳಿಯಿತೆಂಬುದನ್ನು ಮರೆಮಾಚಬೇಕಾಗಿಲ್ಲ. ಆ ವರ್ಷದ ಜೂನ್ ತಿಂಗಳಿನಲ್ಲಿ ಹಳೆಯ ಗೆಳೆಯನ ಮೇಲೆ ಹೊರಡಿಸಿದ ನಿಂದಾಪದ್ಯವು ಆ ವರ್ಗದ ಪದ್ಯಗಳಲ್ಲಿ ಅತ್ಯಂತ ತೀಕ್ಷ್ಣವೆಂದು ಹೆಸರಾಗಿದೆ. ಅವನ ಹೆಂಡತಿಯ ಮಾನವನ್ನೂ ಅದರಲ್ಲಿ ಬೀದಿಗೆಳೆದಿದ್ದಾನೆ. ಬಡ ಹೆಂಗಸರಿಗೆ ಧೈರ್ಯ ಹೇಳಿ ಆಗ ಮೂರು ವರ್ಷವಾಗಿದ್ದಿತು.

೧೯೯೬ರ ಸೆಪ್ಟೆಂಬರ್ ೭ರಂದು ಲಾಸ್ ವೇಗಸ್ಸಿನಲ್ಲಿ ಮೈಕ್ ಟೈಸನ್ನನ ಮುಷ್ಟಿಯುದ್ಧವನ್ನು ನೋಡಿಕೊಂಡು ಹೊರಬರುವಾಗ, ವಿರೋಧಿ ತಂಡದ ತರುಣನೊಬ್ಬನನ್ನು ಕಂಡು ಅವನೂ ಸಂಗಡಿಗರೂ ಬಿದ್ದು ಹೊಡೆದರು. ಆ ರಾತ್ರಿ ಹನ್ನೊಂದು ಗಂಟೆ ಕಳೆದ ಮೇಲೆ, ಷೂಗ್ ನೈಟನು ನಡೆಸುತ್ತಿದ್ದ ಮೋಟಾರು ದಾರಿದೀಪದ ಎದುರು ನಿಂತಿದ್ದಾಗ ಪಕ್ಕಕ್ಕೆ ಬಂದ ಬಿಳಿಯ ಕ್ಯಾಡಿಲಾಕ್ ಗಾಡಿಯಿಂದ ಗುಂಡುಗಳು ಹಾರಿದುವು. ನಾಲ್ಕು ತಗುಲಿದುವು. ಆರು ದಿನ ಆಸ್ಪತ್ರೆಯಲ್ಲಿದ್ದು ೧೩ನೆಯ ದಿನ ಸಾಯಂಕಾಲ ತೀರಿಕೊಂಡನು. ವಯಸ್ಸು ಇಪ್ಪತ್ತೈದು. ಆರು ತಿಂಗಳೊಳಗಾಗಿ, ೧೯೯೭ರ ಮಾರ್ಚ್ ೯ರಂದು, ಹಳೆಯ ಗೆಳೆಯನೂ ಲಾಸ್ ಏಂಜಲೀಸಿನ ಬೀದಿಯಲ್ಲಿ ಅದೇ ರೀತಿಯಾಗಿ ಗುಂಡಿಗೆ ಬಲಿಯಾದನು, ಅವನಿಗೆ ಇಪ್ಪತ್ತನಾಲ್ಕು.

ಸತ್ತಿಲ್ಲ, ಎಲ್ಲಿಯೋ ಅಡಗಿದ್ದಾನೆಂದು ನಂಬಿದವರು ಸಾವಿರಾರು ಜನ. ೨೦೧೨ರ ಏಪ್ರಿಲಿನಲ್ಲಿ ಕ್ಯಾಲಿಫೋರ್ನಿಯದ ಸಂಗೀತೋತ್ಸವವೊಂದರಲ್ಲಿ ಅವನ ಛಾಯಾಮೂರ್ತಿಯನ್ನು ರಂಗದ ಮೇಲೆ ನಿಲ್ಲಿಸಿ ಹಾಡಿಸಿದರು. ವಿಜ್ಞಾನದ ಹೊಸ ಪವಾಡವೆಂದು ಜನ ಬೆರಗಾದರು. ಅದರ ಮೂಲ, ಓರೆಯಾಗಿ ನಿಲ್ಲಿಸಿದ ಗಾಜಿನ ಮೇಲೆ ಪ್ರತಿಬಿಂಬವನ್ನು ಬೀಳಿಸಿ ದೆವ್ವ ತೋರಿಸುತ್ತಿದ್ದ ಹತ್ತೊಂಬತ್ತನೆಯ ಶತಮಾನದ ನಾಟಕದವರ ಯುಕ್ತಿ. ಇಪ್ಪತ್ತೈದರ ಮೈಕಟ್ಟಿನಲ್ಲಿಯೇ ಅದು ಬಂದು ಹೋಯಿತು.

ಮಗನ ಹಸ್ತಪ್ರತಿಗಳಿಗೂ ಧ್ವನಿಮುದ್ರಣಗಳಿಗೂ ಹಕ್ಕುದಾರಳಾದ ಅಫೇನಿ ಅವುಗಳಿಗಾಗಿ ಕಂಪನಿಗಳೊಡನೆ ನ್ಯಾಯಸ್ಥಾನದಲ್ಲಿ ಹೋರಾಡಿದಳು. ಆ ಸ್ಥಳ ಆಕೆಗೆ ಹೊಸದಲ್ಲ. ಬಂದ ಹಣದಿಂದ ೧೯೯೭ರಲ್ಲಿ ಒಂದು ಧರ್ಮಸಂಸ್ಥೆಯನ್ನು ಸ್ಥಾಪಿಸಿದಳು. ಜಾರ್ಜಿಯ ಸಂಸ್ಥಾನದ ಸ್ಟೋನ್ ಮೌಂಟನ್ ಎಂಬಲ್ಲಿ ಅದರ ಕಲಾಕೇಂದ್ರವು ೨೦೦೫ರಲ್ಲಿ ತೆರೆಯಿತು. ಹುಡುಗ ಹುಡುಗಿಯರಿಗೆ ಅಭಿನಯ, ಕವಿತೆ, ನೃತ್ಯಗಳನ್ನು ಹೇಳಿಕೊಡುವ ಏರ್ಪಾಡು ಅಲ್ಲಿ ನಡೆಯಿತು. ಮಗನ ಕೈತಪ್ಪಿದ ಬಾಲ್ಟಿಮೋರಿನ ಶಾಲೆಯಲ್ಲಿ ಇದ್ದ ಪಾಠಗಳೂ ಇವೇ. ಆಕೆ ೨೦೧೬ರ ಮೇ ೨ರಂದು, ಅರುವತ್ತೊಂಬತ್ತನೆಯ ವಯಸ್ಸಿನಲ್ಲಿ, ತೀರಿಕೊಂಡಳು. ಮಗನ ಕೊಲೆಯ ಸಂಬಂಧದಲ್ಲಿ ಪೋಲೀಸಿನವರು ಮೊದಲ ಬಾರಿಗೆ ಒಬ್ಬನನ್ನು ಹಿಡಿದುದು ೨೦೨೩ರ ಸೆಪ್ಟೆಂಬರ್ ೨೯ರಂದು. ನ್ಯಾಯಾಧೀಶರ ಮುಂದೆ ನಿಲ್ಲಿಸಿದಾಗ ಅವನು ತಾನು ನಿರ್ದೋಷಿಯೆಂದು ಹೇಳಿದನು.